ಮಣ್ಣಿಗೆ ಥಂಡಿ ಬಿದ್ದ ದಿನ

ಸೀಗಿ ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಕೊಟ್ರಪ್ಪ ಸಾಹುಕಾರರು ಬಾಗಿಲಿಗೆ ಬಂದು ಕೆಮ್ಮಿದಾಗ ಗಾಳೆಪ್ಪ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ. ಹೆಂಡತಿ ಹನಮಂತವ್ವ ಸತ್ತು ನಾಲ್ಕು ತಿಂಗಳಾಗಿತ್ತು. ನಾಲ್ಕು ತಿಂಗಳು ದಿನಾ ಬಡಿದರೂ ಅವನ ರೊಟ್ಟಿಗೆ ದುಂಡಗಾಗುವ ಬುದ್ಧಿ ಬಂದಿರಲಿಲ್ಲ. ಅಂಚು ಹರಿದು, ಅಲ್ಲೊಂದು ತುಂಡು ಇಲ್ಲೊಂದು ತುಂಡಾಗಿ, ಹಳೆಯ ಸಂಸ್ಥಾನದ ಸೀಮೆಯ ಹಾಗೆ ಹೆಂಚಿನ ಮೇಲೆ ಚದುರಿ ಬೀಳುತ್ತಿತ್ತು. ಅದನ್ನೇ ತಿನ್ನುತ್ತಿದ್ದ, ಮತ್ತೇನು ಮಾಡುತ್ತಾನೆ.

ಸಾಹುಕಾರರು ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತೇ, ಧಾರವಾಡದಿಂದ ಬಟಾಟೆ ಬೀಜ ಬಂದಿದೆ, ಹನ್ನೆರಡು ಚೀಲ ನನ್ನ ಪಡಸಾಲೆಯಲ್ಲಿ ಇಳಿಸಿದ್ದೇನೆ, ತೋಟದವರೆಲ್ಲ ಕೇಳುತ್ತಿದ್ದಾರೆ ಎಂದರು. ಆಮೇಲೆ ವರ್ಷವರ್ಷವೂ ಕೇಳುವ ಮಾತನ್ನೇ ಕೇಳಿದರು.

"ಯಾವತ್ತ ಹಚ್ಚೋಣು, ಗಾಳೆಪ್ಪ?"

ಗಾಳೆಪ್ಪನೂ ವರ್ಷವರ್ಷ ಹೇಳುವುದನ್ನೇ ಹೇಳಿದ. "ತಡೀರಿ ಸಾವ್ಕಾರ್ರ. ನೋಡಿ ಹೇಳ್ತೀನಿ."

ಸಾಹುಕಾರರು ಸಮಾಧಾನದಿಂದ ತಿರುಗಿ ಹೋದರು. ಗಾಳೆಪ್ಪ ಮಾತ್ರ ಹೆಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತ. ಯಾಕೆಂದರೆ ಈ ವರ್ಷ ನೋಡುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ, ಹೇಳುವುದಕ್ಕೂ ಏನೂ ಇರಲಿಲ್ಲ.

ಆಲೂಗಡ್ಡೆ ನೆಡಲು ದಿನ ಕೇಳುವುದೇನು ಎಂದು ಹೊರಗಿನವರು ನಕ್ಕಾರು. ಶಿಗ್ಲಿಯವರ ಕಷ್ಟ ಶಿಗ್ಲಿಯವರಿಗೇ ಗೊತ್ತು. ಜೋಳಕ್ಕೆ, ಹತ್ತಿಗೆ, ಶೇಂಗಾಕ್ಕೆ ಯಾವ ಮಳೆಯಲ್ಲಿ ಬಿತ್ತಬೇಕೆಂದು ಅಜ್ಜ ಮುತ್ತಜ್ಜಂದಿರು ಹೇಳಿಟ್ಟು ಹೋಗಿದ್ದರು. ಬಟಾಟೆ ಹಾಗಲ್ಲ, ನಿನ್ನೆ ಮೊನ್ನೆ ಊರಿಗೆ ಬಂದದ್ದು. ಇಪ್ಪತ್ತು ವರ್ಷಗಳ ಹಿಂದೆ ಕೊಟ್ರಪ್ಪನವರ ತಂದೆ ಎರಡು ಚೀಲ ಬೀಜ ತರಿಸಿ, ಬಾವಿಯಲ್ಲಿ ನೀರಿದ್ದ ತೋಟದವರಿಗೆ ಹಂಚಿದಾಗ, ಇದಕ್ಕೆ ಯಾವ ಮಳೆ, ಯಾವ ನಕ್ಷತ್ರ ಎಂದು ಹೇಳಲು ಊರಿನಲ್ಲಿ ಒಬ್ಬ ಅಜ್ಜನೂ ಸಿಗಲಿಲ್ಲ. ಹೀಗಾಗಿ ಜನ ತಾವೇ ಕಟ್ಟೆಯ ಮೇಲೆ ಕೂತು ಒಂದೊಂದೇ ನಂಬಿಕೆಯನ್ನು ಕಟ್ಟಿಕೊಂಡರು. ನೆಲದೊಳಗೆ ಬೆಳೆಯುವ ಮಾಲಾದ್ದರಿಂದ ಚಂದ್ರ ಕರಗುವ ಹದಿನೈದು ದಿನದಲ್ಲೇ ಹಚ್ಚಬೇಕು, ಅದೂ ಸೀಗಿ ಹುಣ್ಣಿಮೆಗೂ ದೀಪಾವಳಿ ಅಮಾವಾಸ್ಯೆಗೂ ನಡುವೆ. ಅಮಾವಾಸ್ಯೆಯ ದಿನ ಮಾತ್ರ ಮಣ್ಣು ತೆರೆಯಬಾರದು. ಸೋಮವಾರ ಎತ್ತಿಗೆ ಬಿಡುವಿನ ದಿನ, ಹೇಗೂ ಕೊರಳಿಗೆ ನೊಗವಿಲ್ಲ. ಕೊಯ್ದ ಹೋಳಿಗೆ ಬೂದಿ ಸವರಬೇಕು, ಮೊಳಕೆಯೊಡೆಯುವ ಕಣ್ಣು ಮೇಲೆ ಮಾಡಿ ಇಡಬೇಕು. ಹಚ್ಚುವಾಗ ಯಾರೂ ನಗಬಾರದು, ನಕ್ಕರೆ ಗಡ್ಡೆಯ ಹೊಟ್ಟೆ ಪೊಳ್ಳಾಗುತ್ತದೆ. ಈ ಕೊನೆಯದನ್ನು ಯಾರು ಹುಡುಕಿದರೋ ಗೊತ್ತಿಲ್ಲ, ಕೂಲಿಯವರನ್ನು ಸುಮ್ಮನಿರಿಸಲು ಯಾರೋ ಸಾಹುಕಾರನೇ ಹುಡುಕಿರಬೇಕು.

ಇಷ್ಟೆಲ್ಲ ಆದ ಮೇಲೂ ಹದಿನೈದು ದಿನದಲ್ಲಿ ಯಾವ ದಿನ ಎಂಬುದು ಉಳಿಯುತ್ತಿತ್ತು. ಅಲ್ಲೇ ಇತ್ತು ಗಂಟು. ನೆಲದ ಕಾವು ಇಳಿಯುವ ಮೊದಲು ಹಚ್ಚಿದರೆ ಕೊಯ್ದ ಹೋಳು ಕೊಳೆತು ಹೋಗುತ್ತದೆ. ತಡ ಮಾಡಿ ಪಕ್ಷ ದಾಟಿಸಿದರೆ ಹಚ್ಚಿದ್ದು ದಕ್ಕುವುದಿಲ್ಲ ಎಂಬ ಹೆದರಿಕೆ. ಒಂದು ವರ್ಷ ಗಾಳೆಪ್ಪನ ಅಣ್ಣನ ಮಗ ಹುಲಗಪ್ಪ, ಪ್ರಾಯದ ಸೊಕ್ಕಿನಲ್ಲಿ, ಯಾರನ್ನೂ ಕೇಳದೆ ಗಾಳೆಪ್ಪನಿಗಿಂತ ನಾಲ್ಕು ದಿನ ಮೊದಲು ಹಚ್ಚಿದ. ಎಂಟನೆಯ ದಿನಕ್ಕೆ ಅವನ ತೋಟದ ಹತ್ತಿರ ಮೂಗು ಮುಚ್ಚಿಕೊಂಡು ನಡೆಯಬೇಕಾಯಿತು. ಪಕ್ಕದ ಗಾಳೆಪ್ಪನ ತೋಟದಲ್ಲಿ ಮಾತ್ರ ಮುಂದೆ ಹತ್ತು ಹನ್ನೆರಡು ದಿನಕ್ಕೆ ಮೊಳಕೆ ಎದ್ದು ಸಾಲಾಗಿ ನಿಂತಿತು. ಅಂದಿನಿಂದ ಗಾಳೆಪ್ಪ ಹೇಳಿದ್ದೇ ದಿನ.

ಹೆಸರು ಬಂದ ಮೇಲೆ ಅದಕ್ಕೆ ತಕ್ಕ ನಡೆಯೂ ಬರಬೇಕಲ್ಲ. ಗಾಳೆಪ್ಪ ತೋಟಕ್ಕೆ ಹೋಗಿ ಒಂದು ಹಿಡಿ ಮಣ್ಣು ತೆಗೆದುಕೊಳ್ಳುತ್ತಿದ್ದ. ಮೂಸುತ್ತಿದ್ದ. ಅಂಗೈಯಲ್ಲಿ ಒತ್ತಿ, ಉದುರಿಸಿ, ಕಪ್ಪತಗುಡ್ಡದ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ನೋಡುವವರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಆಮೇಲೆ, ಇವತ್ತು ಹಚ್ಚಿ, ಎನ್ನುತ್ತಿದ್ದ. ಬಹಳ ಚೆನ್ನಾಗಿ ಮಾಡುತ್ತಿದ್ದ ಅದನ್ನು. ಶಿರಹಟ್ಟಿಯ ಕಡೆಯಿಂದಲೂ ಇಬ್ಬರು ಮೂವರು ತೋಟದವರು ದಿನ ಕೇಳಿಕೊಂಡು ಹೋಗಲು ಬರುತ್ತಿದ್ದರು.

ಖರೆ ಸಂಗತಿ ಬೇರೆ ಇತ್ತು. ಮಣ್ಣು ಮೂಸಿದರೆ ಗಾಳೆಪ್ಪನಿಗೆ ಮಣ್ಣಿನ ವಾಸನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ದಿನ ಹೇಳುತ್ತಿದ್ದವಳು ಹನಮಂತವ್ವ. ಮೊದಲ ವರ್ಷವೇ ಹಾಗಾಗಿತ್ತು. ಬೆಳಿಗ್ಗೆ ರೊಟ್ಟಿ ಹಾಕುತ್ತ, ಇವತ್ತು ಹಚ್ಚಬಹುದು ನೋಡಿ, ಎಂದಳು. ಅವನು ಬೇರೆ ಕೆಲಸವಿಲ್ಲದ್ದಕ್ಕೆ ಹೋಗಿ ಹಚ್ಚಿದ. ಬೆಳೆ ಬಂತು. ಎರಡನೆಯ ವರ್ಷವೂ ಹಾಗೇ, ಮೂರನೆಯ ವರ್ಷವೂ ಹಾಗೇ. ಜನ ಬಂದು, ಹೇಗೆ ಗೊತ್ತಾಯಿತು ಗಾಳೆಪ್ಪ, ಎಂದು ಕೇಳಿದಾಗ, ನನ್ನ ಹೆಂಡತಿ ಹೇಳಿದಳು ಎನ್ನಲು ನಾಲಿಗೆ ಹೊರಳಲಿಲ್ಲ. ಒಂದು ಸಲ ಹೊರಳದ ನಾಲಿಗೆ ಮತ್ತೆ ಹೊರಳುವುದು ಕಷ್ಟ.

ಹನಮಂತವ್ವ ಇದಕ್ಕೆ ಏನೂ ಅಂದವಳಲ್ಲ. ಗಂಡ ಊರ ಮುಂದೆ ಮಣ್ಣು ಮೂಸುವುದನ್ನು ದೂರದಲ್ಲಿ ನಿಂತು ನೋಡಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು, ಅಷ್ಟೇ. ಅವರಿಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಹಂಚಿಕೊಳ್ಳಲು ಇದ್ದದ್ದೇ ಕಡಿಮೆ, ಅದರಲ್ಲಿ ಈ ಹೆಸರೊಂದನ್ನು ಪೂರ್ತಿ ಅವನಿಗೇ ಬಿಟ್ಟುಕೊಟ್ಟಿದ್ದಳು. ಒಂದೇ ಒಂದು ಸಲ, ಸ್ವಾತಂತ್ರ್ಯ ಬಂದ ವರ್ಷ, ರೊಟ್ಟಿ ಹಾಕುತ್ತ ಕೈ ತಡೆದು ಕೇಳಿದ್ದಳು.

"ನನಗ ಹೆಂಗ ಗೊತ್ತಾಕ್ಕೈತಿ ಅಂತ ಒಂದಿನಾನೂ ಕೇಳಲಿಲ್ಲಲ್ರಿ ನೀವು."

"ಕೇಳೂದೇನೈತಿ? ನನಗೇನ ತಿಳಿಯಂಗಿಲ್ಲೇನು?" ಎಂದಿದ್ದ ಗಾಳೆಪ್ಪ.

ಅವಳು ನಕ್ಕು, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ್ದಳು. ಆ ಮಾತನ್ನು ಮತ್ತೆ ಎತ್ತಲಿಲ್ಲ. ಈ ವರ್ಷ ಕಾರ ಹುಣ್ಣಿಮೆ ಮುಗಿದು ವಾರಕ್ಕೆ ಜ್ವರ ಬಂದು, ಮೂರು ದಿನ ಮಲಗಿ, ನಾಲ್ಕನೆಯ ದಿನ ಎದ್ದು ಮನೆ ಗುಡಿಸಿ, ಐದನೆಯ ದಿನ ಹೋಗಿಬಿಟ್ಟಳು. ಹೇಗೆ ಗೊತ್ತಾಗುತ್ತದೆ ಎಂಬುದೂ ಅವಳ ಜೊತೆಗೇ ಹೋಯಿತು.

ಕೊಟ್ರಪ್ಪ ಬಂದುಹೋದ ದಿನದಿಂದ ಗಾಳೆಪ್ಪ ದಿನಾ ಬೆಳಿಗ್ಗೆ ತೋಟಕ್ಕೆ ಹೋಗಿ ಮಣ್ಣು ಹಿಡಿದ. ಈ ಸಲ ಆಟಕ್ಕಲ್ಲ, ಮನಸ್ಸಿಟ್ಟು ಹಿಡಿದ. ಮಣ್ಣು ಒಂದು ಮಾತೂ ಆಡಲಿಲ್ಲ. ಅಂಗೈಯಲ್ಲಿ ಬಿಸಿಯೋ ತಂಪೋ ಎಂದು ನೋಡಿದರೆ ಅದು ತನ್ನ ಅಂಗೈಯ ಬಿಸಿಯೋ ಮಣ್ಣಿನದೋ ತಿಳಿಯುತ್ತಿರಲಿಲ್ಲ. ಮನೆಗೆ ಬಂದು ಕೂತು ನೆನಪು ಕೆದಕಿದ. ಆ ದಿನಗಳ ಬೆಳಿಗ್ಗೆ ಅವಳು ಏನು ಮಾಡುತ್ತಿದ್ದಳು? ಆಕಾಶ ನೋಡುತ್ತಿದ್ದಳೇ? ಬಾವಿಯ ನೀರು ಮುಟ್ಟಿ ನೋಡುತ್ತಿದ್ದಳೇ? ಇರುವೆ, ಹಕ್ಕಿ, ಗಾಳಿ, ಯಾವುದನ್ನು ಹಿಡಿದು ಹೇಳುತ್ತಿದ್ದಳು? ಒಂದೂ ನೆನಪಾಗಲಿಲ್ಲ. ನೆನಪಾಗುವುದಾದರೂ ಹೇಗೆ, ಅವಳು ಏಳುವ ಹೊತ್ತಿಗೆ ಅವನು ನಿದ್ದೆಯಲ್ಲಿರುತ್ತಿದ್ದ. ಅವನು ಕಣ್ಣು ಬಿಡುವ ಹೊತ್ತಿಗೆ ಒಲೆ ಉರಿಯುತ್ತಿತ್ತು, ಚಹಾ ಕುದಿಯುತ್ತಿತ್ತು, ಅವಳ ಬೆನ್ನು ಕಾಣುತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಬೆಳಗಿನ ಹೊತ್ತಿನ ಅವಳ ಮುಖವನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು. ಹೊಳೆದ ಮೇಲೆ ಕೈಯಲ್ಲಿದ್ದ ಚಹಾ ಕುಡಿಯಲಾಗಲಿಲ್ಲ.

ಒಂದು ವಾರ ಕಳೆಯಿತು. ದಿನಾ ಯಾರಾದರೊಬ್ಬರು ಬಂದು ಕೇಳುವುದು, ಇವನು ತಡೆಯಿರಿ ಎನ್ನುವುದು. ಈ ವರ್ಷ ಗಾಳೆಪ್ಪ ಬಹಳ ಸೂಕ್ಷ್ಮವಾಗಿ ನೋಡುತ್ತಿದ್ದಾನೆ ಎಂದು ಊರು ಮೆಚ್ಚಿಕೊಂಡಿತು. ಅದೃಷ್ಟಕ್ಕೆ ಊರಿಗೆ ಮಾತಾಡಲು ಬೇರೆ ವಿಷಯವೂ ಇತ್ತು. ಬರುವ ಗುರುವಾರ ಕನ್ನಡದವರ ನಾಡೆಲ್ಲ ಒಂದಾಗುತ್ತದಂತೆ, ಮುಂಬಯಿಯ ಕೈಬಿಟ್ಟು ನಾವು ಮೈಸೂರಿಗೆ ಸೇರುತ್ತೇವಂತೆ, ಗದಗಿನಲ್ಲಿ ದೊಡ್ಡ ಮೆರವಣಿಗೆಯಂತೆ. ಸಂಸ್ಥಾನದಲ್ಲಿ ಹುಟ್ಟಿ, ಎಂಟು ವರ್ಷ ಮುಂಬಯಿಯವನಾಗಿ, ಈಗ ಮೈಸೂರಿನವನಾಗಲಿದ್ದ ಗಾಳೆಪ್ಪ ಇಷ್ಟರಲ್ಲಿ ತನ್ನ ಮನೆಯಿಂದ ತೋಟಕ್ಕಿಂತ ಹೆಚ್ಚು ದೂರ ಹೋದವನಲ್ಲ. ಕೊಟ್ರಪ್ಪನವರು ಎರಡು ಬಂಡಿಗಳನ್ನು ತೊಳೆಸಿ, ನೊಗಕ್ಕೆ ಬಣ್ಣ ಹಚ್ಚಿಸಿ, ಗದಗಿಗೆ ಹೊರಡಲು ಸಿದ್ಧ ಮಾಡಿಸುತ್ತಿದ್ದರು. ಆದರೆ ಅದರ ಮರುದಿನ, ಶುಕ್ರವಾರ, ಅಮಾವಾಸ್ಯೆ. ಅಷ್ಟರೊಳಗೆ ಬಟಾಟೆ ನೆಲಕ್ಕೆ ಬೀಳದಿದ್ದರೆ ಹನ್ನೆರಡು ಚೀಲ ಬೀಜ ಪಡಸಾಲೆಯಲ್ಲೇ ಮುದಿಯಾಗುತ್ತದೆ.

ಹೆಂಡತಿಗೆ ಗೊತ್ತಿದ್ದದ್ದನ್ನು ನೆರೆಮನೆಯಲ್ಲಿ ಹೋಗಿ ಕೇಳುವುದೆಂದರೆ ಯಾವ ಗಂಡಸಿಗೂ ತಲೆ ತಗ್ಗಿಸುವ ಕೆಲಸವೇ. ಗಾಳೆಪ್ಪ ಎರಡು ದಿನ ತಪ್ಪಿಸಿಕೊಂಡ. ರವಿವಾರ ಮಧ್ಯಾಹ್ನ ಉಪಾಯವಿಲ್ಲದೆ ರಸೂಲಬಿಯ ಅಂಗಳಕ್ಕೆ ಹೋದ. ಎರಡು ಮನೆಗೂ ನಡುವೆ ಒಂದೇ ಗೋಡೆ. ರಸೂಲಬಿಯೂ ಹನಮಂತವ್ವನೂ ಮಧ್ಯಾಹ್ನವೆಲ್ಲ ಈ ಅಂಗಳದಲ್ಲೇ ಹಳೆಯ ಸೀರೆ, ಧೋತರ ಹರಿದು, ಓಣಿಯವರಿಗೆಲ್ಲ ಕೌದಿ ಹೊಲಿದುಕೊಡುತ್ತಿದ್ದರು. ಒಬ್ಬಳು ಈ ಅಂಚಿನಿಂದ, ಇನ್ನೊಬ್ಬಳು ಆ ಅಂಚಿನಿಂದ. ಈಗ ರಸೂಲಬಿ ಒಬ್ಬಳೇ ಕೂತು, ಈ ಅಂಚು ಮುಗಿಸಿ ಎದ್ದು ಆ ಅಂಚಿಗೆ ಹೋಗಿ ಕೂತು ಹೊಲಿಯುತ್ತಿದ್ದಳು. ಗಾಳೆಪ್ಪ ಅಲ್ಲೇ ಕಂಬದ ಹತ್ತಿರ ಕೂತ. ಮಳೆಯ ಮಾತು, ಗದಗಿನ ಮಾತು ಎಲ್ಲ ಮುಗಿದರೂ ವಿಷಯಕ್ಕೆ ಬರಲಿಲ್ಲ. ರಸೂಲಬಿ ಸೂಜಿ ಕೆಳಗಿಟ್ಟಳು.

"ಬಟಾಟಿ ದಿನ ಕೇಳಾಕ ಬಂದೀದಿ ಅಲ್ಲ, ಗಾಳೆಪ್ಪಣ್ಣ?"

ಅಂದರೆ ಅವಳಿಗೆ ಎಲ್ಲವೂ ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು. ಅವನು ಊರ ಮುಂದೆ ಕಪ್ಪತಗುಡ್ಡದ ಕಡೆ ಕಣ್ಣು ಕಿರಿದು ಮಾಡಿದಾಗಲೆಲ್ಲ ಈ ಅಂಗಳದಲ್ಲಿ ಇಬ್ಬರು ಹೆಂಗಸರು ನಕ್ಕಿರಬೇಕು.

"ಇದನ್ನ ಕೇಳಾಕ ನಾಕ ತಿಂಗಳಾತೇನು ನಿನಗ?"

"ಇಪ್ಪತ್ತ ವರ್ಷ ಆತು," ಎಂದ ಗಾಳೆಪ್ಪ.

ರಸೂಲಬಿಗೆ ಆಮೇಲೆ ಹಂಗಿಸುವ ಮನಸ್ಸಾಗಲಿಲ್ಲ. ಹನಮಂತವ್ವ ಹೇಳಿದ್ದನ್ನು ಹೇಳಿದ್ದ ಹಾಗೇ ಹೇಳಿದಳು. "ಸೀಗಿ ಹುಣ್ಣಿವಿ ಆದ ಮ್ಯಾಲ ಆಕಿ ದಿನಾ ನಿನ್ನ ನೋಡ್ತಿದ್ಲು. ಇಬ್ಬರಿಗೂ ಒಂದ ಕೌದಿ ಅಲ್ಲ ನಿಮಗ. ಯಾವತ್ತ ಬೆಳಗಿನ ಝಾವ ನೀ ನಿದ್ದಿಗಣ್ಣಾಗ ಅದನ್ನ ಪೂರಾ ನಿನ್ನ ಕಡೆ ಎಳಕೋತೀಯೋ, ಅವತ್ತ ನೆಲಕ್ಕ ಥಂಡಿ ಬಿದ್ದಂಗ. ಅವತ್ತ ಹಚ್ಚೂದು. ಅಷ್ಟ ಐತಿ ಅದರಾಗ. ನಮ್ಮ ಮನಿಯವರು ಮಣ್ಣ ಮೂಸೂದು ಬ್ಯಾಡ, ಮಲಗಿದ್ರ ಸಾಕು ಅಂತಿದ್ಲು."

ಗಾಳೆಪ್ಪನಿಗೆ ನಗು ಬಂತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಬಂದ ನಗು, ನಗುತ್ತಲೇ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡ. ರಸೂಲಬಿ ಬೇರೆ ಕಡೆ ನೋಡುತ್ತ ಸೂಜಿಗೆ ದಾರ ಪೋಣಿಸಿದಳು, ಪೋಣಿಸಿದ ದಾರವನ್ನೇ ತೆಗೆದು ಮತ್ತೆ ಪೋಣಿಸಿದಳು. ನಕ್ಷತ್ರವಲ್ಲ, ಹಕ್ಕಿಯಲ್ಲ, ಗಾಳಿಯಲ್ಲ. ತನ್ನನ್ನು ನೋಡಿ ಹೇಳುತ್ತಿದ್ದಳು. ಇಷ್ಟು ವರ್ಷ ಒಬ್ಬಳು ತನ್ನನ್ನು ಹೀಗೆ ನೋಡುತ್ತಿದ್ದಳೆಂಬುದೇ ಅವನಿಗೆ ಗೊತ್ತಿರಲಿಲ್ಲ. ಗೊತ್ತಾದಾಗ ನೋಡುವವಳು ಇರಲಿಲ್ಲ.

ಗುರುತೇನೋ ಸಿಕ್ಕಿತು, ಆದರೆ ಉಪಯೋಗಕ್ಕೆ ಬರುವಂಥದ್ದಲ್ಲ. ಮಲಗಿದವನು ತಾನು ಮಲಗಿದ್ದನ್ನು ತಾನೇ ನೋಡುವುದು ಹೇಗೆ? ಗಾಳೆಪ್ಪ ಅದನ್ನೂ ಮಾಡಲು ನೋಡಿದ. ಹಳೆಯ ಕೌದಿ ಹನಮಂತವ್ವನ ಜೊತೆಗೆ ಊರ ಹೊರಗೆ ಹೋಗಿತ್ತು, ಸತ್ತವರ ಹಾಸಿಗೆ ಹೊದಿಕೆ ಮನೆಯಲ್ಲಿ ಇಡುವುದಿಲ್ಲ. ಅವನು ಅಂದಿನಿಂದ ಒಂದು ಕಂಬಳಿಯಲ್ಲಿ ಮಲಗುತ್ತಿದ್ದ. ರವಿವಾರ, ಸೋಮವಾರ, ಮಂಗಳವಾರ ಮೂರು ರಾತ್ರಿ ಕಂಬಳಿ ಹೊದ್ದು, ಈಗ ಎಳೆದೆನೇ, ಈಗ ಎಳೆದೆನೇ ಎಂದು ಕಾಯುತ್ತ ಮಲಗಿದ. ಕಾಯುವವನಿಗೆ ನಿದ್ದೆ ಬರಲಿಲ್ಲ. ನಿದ್ದೆ ಬರದಿದ್ದವನು ಕಂಬಳಿ ಎಳೆದರೆ ಅದು ಗುರುತಾಗುವುದಿಲ್ಲ. ಬುಧವಾರ ಬೆಳಿಗ್ಗೆ ಕಣ್ಣು ಕೆಂಪಾಗಿ, ಮುಖ ಇಳಿದು, ಕಂಬಳಿಯನ್ನು ಒದ್ದು ಎದ್ದ. ಮುಖ ತೊಳೆದುಕೊಂಡು ನೇರ ಸಾಹುಕಾರರ ಕಟ್ಟೆಗೆ ನಡೆದ.

ಅಲ್ಲಿ ಐದಾರು ಜನ ತೋಟದವರು ಕೂಡಿದ್ದರು, ಹುಲಗಪ್ಪನೂ ಇದ್ದ. ಗಾಳೆಪ್ಪ ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟ. ದಿನ ಹೇಳುತ್ತಿದ್ದವನು ತಾನಲ್ಲ. ಮಣ್ಣು ಮೂಸಿದ್ದೆಲ್ಲ ಸುಳ್ಳು. ಹನಮಂತವ್ವ ಹೇಳುತ್ತಿದ್ದಳು, ತಾನು ಅವಳ ಹೆಸರು ಒಂದು ದಿನವೂ ಎತ್ತದೆ ಊರ ಮುಂದೆ ಮೀಸೆ ತಿರುವಿಕೊಂಡ. ಅವಳು ಹೇಗೆ ಹೇಳುತ್ತಿದ್ದಳೆಂಬುದನ್ನೂ, ರಸೂಲಬಿಯಿಂದ ಕೇಳಿದ ಹಾಗೆ, ಕೌದಿಯ ಸಮೇತ ಹೇಳಿದ. ಹೇಳಿ, ಬೈಯುವವರು ಬೈಯಲಿ ಎಂದು ತಲೆ ತಗ್ಗಿಸಿ ನಿಂತ.

ಯಾರೂ ಬೈಯಲಿಲ್ಲ. ಕೊಟ್ರಪ್ಪನವರು ಹೇಳಿದರು.

"ಅಂದ್ರ ದಿನ ಇರೂದು ನಿನ್ನ ನಿದ್ದಿ ಮ್ಯಾಲ. ಮತ್ತ ಚಿಂತಿ ಯಾಕ? ಇವತ್ತ ರಾತ್ರಿ ನಮ್ಮ ಪಡಸಾಲ್ಯಾಗ ಮಲ್ಕೋ. ನಾವು ನೋಡ್ತೀವಿ."

ಉಳಿದವರೂ ತಲೆಯಾಡಿಸಿದರು. ಇಪ್ಪತ್ತು ವರ್ಷ ಕದ್ದ ಮಾಲಿನ ಹಾಗೆ ಬಚ್ಚಿಟ್ಟುಕೊಂಡಿದ್ದ ಸಂಗತಿಯನ್ನು ನಡು ಊರಲ್ಲಿ ತಂದು ಇಟ್ಟರೆ, ಇವರು ಅದನ್ನು ದಾಟಿಕೊಂಡು ಹಾಸಿಗೆಯ ವ್ಯವಸ್ಥೆಗೆ ಹೋಗಿಬಿಟ್ಟಿದ್ದರು. ಅವರಿಗೆ ಬೇಕಾದದ್ದು ದಿನ, ಹೇಳಿದವರು ಯಾರಾದರೇನು. ಗಾಳೆಪ್ಪನಿಗೆ ಹಗುರವಾಗಬೇಕಾಗಿತ್ತು, ಬದಲು ಸಿಟ್ಟು ಬಂತು. ಒಬ್ಬನಾದರೂ, ಅಷ್ಟು ಶಾಣ್ಯಾ ಹೆಂಗಸಾಗಿದ್ದಳೇ ಹನಮಂತವ್ವ, ಎಂದು ಹೆಸರು ಹಿಡಿದು ಹೇಳಲಿ ಎಂದು ಕಾದ. ಯಾರೂ ಹೇಳಲಿಲ್ಲ. ತಾನು ಇಪ್ಪತ್ತು ವರ್ಷ ಮಾಡಿದ್ದನ್ನೇ ಅವರು ಈಗ ಮಾಡುತ್ತಿದ್ದರು, ಹಾಗಾಗಿ ಕೇಳುವ ಬಾಯಿ ಅವನಿಗಿರಲಿಲ್ಲ.

ಪಡಸಾಲೆಯಲ್ಲಿ ಹಾಸಿಗೆ ಹಾಕುವುದೇ ಒಂದು ಪಂಚಾಯಿತಿಯಾಯಿತು. ಕೌದಿ ಒಬ್ಬರದಲ್ಲ, ಇಬ್ಬರ ಅಗಲದ್ದು ಬೇಕು ಎಂದು ಒಬ್ಬ. ಸಾಹುಕಾರರ ಮನೆಯಿಂದ ದೊಡ್ಡ ಕೌದಿ ಬಂತು. ನೆಲದ ಥಂಡಿ ತಿಳಿಯಬೇಕಾದ್ದರಿಂದ ಚಾಪೆ ಒಂದೇ ಇರಲಿ, ಗಾದಿ ಬೇಡ ಎಂದು ಇನ್ನೊಬ್ಬ. ಆಮೇಲೆ ದೊಡ್ಡ ತೊಡಕು ಬಂತು. ಆ ಕಡೆ ಅಂಚಿನ ಕೆಳಗೆ ಯಾರಾದರೂ ಮಲಗದಿದ್ದರೆ ಕೌದಿ ತಾನಾಗಿಯೇ ಜಾರಿ ಬರುತ್ತದೆ, ಅದು ಎಳೆದದ್ದೋ ಜಾರಿದ್ದೋ ಹೇಗೆ ಗೊತ್ತಾಗಬೇಕು ಎಂದು ಹುಲಗಪ್ಪ ಕೇಳಿದ. ಮಾತು ಸರಿಯಾಗಿಯೇ ಇತ್ತು. ಆದರೆ ಹನಮಂತವ್ವನ ಜಾಗದಲ್ಲಿ ಮಲಗಲು ಯಾರೂ ಮುಂದೆ ಬರಲಿಲ್ಲ. ಕಡೆಗೆ ಬೀಜದ ಬಟಾಟೆಯ ಒಂದು ಚೀಲವನ್ನು ಎಳೆದು ತಂದು ಗಾಳೆಪ್ಪನ ಪಕ್ಕದಲ್ಲಿ ಉದ್ದಕ್ಕೆ ಮಲಗಿಸಿದರು. ಕೌದಿಯ ಅರ್ಧ ಅವನ ಮೇಲೆ, ಅರ್ಧ ಚೀಲದ ಮೇಲೆ. ದೀಪ ಸಣ್ಣದು ಮಾಡಿ ಗೋಡೆಗೆ ಒರಗಿ ಕೂತರು.

ಅಂದು ಗದಗಿನಲ್ಲಿ ಮಧ್ಯರಾತ್ರಿಗೆ ಮದ್ದು ಹಾರಿಸಿದರಂತೆ, ಗುಡಿಗಳಲ್ಲಿ ಗಂಟೆ ಬಾರಿಸಿದರಂತೆ. ಶಿಗ್ಲಿಯಲ್ಲಿ ಆ ಹೊತ್ತಿಗೆ ಐದು ಜನ ಗಂಡಸರು ಬೀಡಿ ಸೇದುತ್ತ, ಒಬ್ಬ ಮುದುಕ ನಿದ್ದೆ ಮಾಡುವುದನ್ನು ಕಾಯುತ್ತಿದ್ದರು. ನಿದ್ದೆ ಬರಲಾರದೆಂದು ಗಾಳೆಪ್ಪ ತಿಳಿದಿದ್ದ. ಆದರೆ ಮೂರು ರಾತ್ರಿಯ ಎಚ್ಚರ ಕಣ್ಣಿನಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಕತ್ತಲಲ್ಲಿ ಬೇರೆಯವರ ಉಸಿರು ಕೇಳಿ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಅವನ ಉಸಿರು ಗೋಡೆಗೆ ಬಡಿದು ಅವನಿಗೇ ವಾಪಸು ಬರುತ್ತಿತ್ತು. ಇಲ್ಲಿ ಕೆಮ್ಮುವವರಿದ್ದರು, ಆಕಳಿಸುವವರಿದ್ದರು. ಪಕ್ಕದಲ್ಲಿ ಭಾರವಾಗಿ ಏನೋ ಇತ್ತ ಕಡೆಗೆ ಒರಗಿಕೊಂಡಿತ್ತು. ಕಣ್ಣು ಮುಚ್ಚಿದ್ದೊಂದು ನೆನಪು.

ಎಚ್ಚರವಾದಾಗ ಪಡಸಾಲೆಯಲ್ಲಿ ಬೆಳಕು ಬಿದ್ದಿತ್ತು. ಐದೂ ಜನ ಕೂತಲ್ಲೇ ಕೂತಿದ್ದರು. ಯಾರ ಕೈಯಲ್ಲೂ ಬೀಡಿ ಇರಲಿಲ್ಲ.

ಎಳೆದುಕೊಂಡೆನೇನು ಎಂದು ಗಾಳೆಪ್ಪ ಕೇಳಿದ. ಕೊಟ್ರಪ್ಪನವರು ಹುಲಗಪ್ಪನ ಮುಖ ನೋಡಿದರು. ಹುಲಗಪ್ಪ ನೆಲ ನೋಡುತ್ತ ಹೇಳಿದ.

"ಇಲ್ಲ ಕಾಕಾ. ಕೋಳಿ ಕೂಗೂ ಹೊತ್ತಿನಾಗ ನೀ ಎದ್ದ ಕುಂತಿ. ಕಣ್ಣ ಮುಚ್ಚೇ ಇದ್ವು. ನಿನ್ನ ಮ್ಯಾಲಿನ ಕೌದಿ ತಗದು ಆ ಚೀಲಕ್ಕ ಹೊಚ್ಚಿದಿ. ಸುತ್ತಲೂ ಅಂಚ ಒತ್ತಿದಿ. ಕಾಲಿನ ಕಡೆನೂ ಒತ್ತಿದಿ. ಆಮ್ಯಾಲ ನೀ ಬರೀ ನೆಲದ ಮ್ಯಾಲ ಮುದುಡಿ ಮಲಗಿದಿ. ನಾವು ಎಬ್ಬಸಲಿಲ್ಲ."

ಗಾಳೆಪ್ಪ ತಿರುಗಿ ನೋಡಿದ. ಬಟಾಟೆಯ ಚೀಲ ಕೊರಳಿನವರೆಗೂ ಕೌದಿ ಹೊದ್ದು ಬೆಚ್ಚಗೆ ಮಲಗಿತ್ತು. ತಾನು ಚಾಪೆಯನ್ನೂ ಬಿಟ್ಟು ಗಾರೆಯ ಮೇಲೆ ಹೊರಳಿದ್ದ. ಆಗ ಮೈಯ ಕಡೆ ಲಕ್ಷ್ಯ ಹೋಯಿತು. ಮೊಣಕಾಲು ಎದೆಗೆ ಸೇರಿ ಸೆಟೆದಿದ್ದವು, ಬಿಡಿಸಲು ಬರುತ್ತಿರಲಿಲ್ಲ. ಪಾದಗಳು ಇದ್ದಾವೋ ಇಲ್ಲವೋ ತಿಳಿಯುತ್ತಿರಲಿಲ್ಲ. ಸೊಂಟದ ಒಂದು ಮಗ್ಗುಲು ನೆಲಕ್ಕೆ ತಾಗಿದ್ದಲ್ಲಿ ಎಲುಬಿನವರೆಗೂ ಥಂಡಿ ಇಳಿದಿತ್ತು. ಹಲ್ಲಿಗೆ ಹಲ್ಲು ಬಡಿಯುತ್ತಿತ್ತು.

"ಇದರ ಅರ್ಥ ಏನು ಹಿಡಿಯೂದು, ಗಾಳೆಪ್ಪ?" ಎಂದರು ಕೊಟ್ರಪ್ಪ. ಅವರ ದನಿಯೂ ಸಣ್ಣಗಾಗಿತ್ತು. "ನೀ ಎಳಕೊಳ್ಳಲಿಲ್ಲಲ್ಲ. ಹಚ್ಚೂದೋ, ಬ್ಯಾಡೋ?"

ಗಾಳೆಪ್ಪ ಸೆಟೆದ ಮೊಣಕಾಲು ತಿಕ್ಕುತ್ತ ಚೀಲವನ್ನೇ ನೋಡಿದ. ಕೌದಿಯೊಳಗೆ ಮಲಗಿದವನಿಗೆ ಥಂಡಿಯ ಸುದ್ದಿ ಏನು ಗೊತ್ತು? ಊರಿನವರು ಗುರುತು ಇವನಲ್ಲಿದೆ ಎಂದುಕೊಂಡರು. ಹನಮಂತವ್ವನೂ ರಸೂಲಬಿಯ ಮುಂದೆ ಹಾಗೇ ಹೇಳಿದಳು, ಹೆಸರನ್ನು ಇವನಿಗೆ ಬಿಟ್ಟುಕೊಟ್ಟಿದ್ದವಳು ಅದನ್ನೂ ಇವನಿಗೇ ಬಿಟ್ಟುಕೊಟ್ಟಳು. ಆದರೆ ಇವನು ಎಳೆದುಕೊಂಡ ಮೇಲೆ ಬೆಳಗಾಗುವವರೆಗೆ ಬರೀ ನೆಲದ ಮೇಲೆ ಇದ್ದವಳು ಅವಳು. ವರ್ಷಕ್ಕೊಂದು ಸಲವಲ್ಲ, ಒಮ್ಮೆ ಥಂಡಿ ಬಿದ್ದ ಮೇಲೆ ಚಳಿಗಾಲ ಮುಗಿಯುವವರೆಗೂ. ಮೊಣಕಾಲು ಎದೆಗೆ ಸೇರಿಸಿ, ಸೊಂಟದ ಎಲುಬಿಗೆ ನೆಲದ ಥಂಡಿ ತಾಗಿಸಿಕೊಂಡು, ಇವನಿಗೆ ಎಚ್ಚರವಾದೀತೆಂದು ಕೌದಿಯ ಅಂಚನ್ನೂ ಮುಟ್ಟದೆ. ಆಮೇಲೆ ಎದ್ದು ಒಲೆ ಹಚ್ಚಿ, ರೊಟ್ಟಿ ಬಡಿದು, ಇವತ್ತು ಹಚ್ಚಬಹುದು ನೋಡಿ, ಎನ್ನುತ್ತಿದ್ದಳು. ಇವನು ಹೋಗಿ ಮಣ್ಣು ಮೂಸುತ್ತಿದ್ದ.

"ಹಚ್ರಿ," ಎಂದ. "ಇವತ್ತ ಹಚ್ರಿ. ನೆಲಕ್ಕ ಥಂಡಿ ಬಿದ್ದೈತಿ. ಆಕಿಗೆ ಹೆಂಗ ಗೊತ್ತಾಗ್ತಿತ್ತು ಅಂತ ಈಗ ನನಗ ಗೊತ್ತಾತು."

ಎಲ್ಲರೂ ಎದ್ದರು. ಗದಗಿಗೆ ಹೋಗಲು ತೊಳೆದಿಟ್ಟ ಬಂಡಿಗಳಿಗೇ ಚೀಲಗಳನ್ನು ಹೇರಿದರು. ಎತ್ತಿನ ಕೊಂಬಿಗೆ ಕಟ್ಟಿದ್ದ ಬಾವುಟಗಳನ್ನು ಬಿಚ್ಚಲು ಪುರುಸೊತ್ತಾಗಲಿಲ್ಲ, ಹಾಗೇ ತೋಟದ ದಾರಿ ಹಿಡಿದರು. ಮನೆಮನೆಗಳಿಂದ ಹೆಂಗಸರು ಈಳಿಗೆ, ಬೂದಿಯ ಬುಟ್ಟಿ ಹಿಡಿದು ಹೊರಟರು. ಹನ್ನೊಂದು ಚೀಲ ಹೋದವು. ಹನ್ನೆರಡನೆಯದನ್ನು ಒಯ್ಯಲು ಬಂದ ಹುಲಗಪ್ಪ ಅದರ ಮುಂದೆ ನಿಂತ, ಬಗ್ಗಿದ, ಮತ್ತೆ ನೆಟ್ಟಗಾದ.

"ಇದೊಂದು ಇರಲಿ ಬಿಡು ಕಾಕಾ. ಆಮ್ಯಾಲ ಒಯ್ತೀನಿ."

ನಾಳೆ ಅಮಾವಾಸ್ಯೆ, ಆಮೇಲೆ ಎನ್ನುವುದು ಇಲ್ಲ ಎಂದ ಗಾಳೆಪ್ಪ. ಕುಂಟುತ್ತ ಬಂದು ಚೀಲದ ಪಕ್ಕದಲ್ಲಿ ಕೂತ. ಸುತ್ತ ಒತ್ತಿದ್ದ ಅಂಚನ್ನು ಒಂದೊಂದಾಗಿ ಬಿಡಿಸಿ, ಕಾಲಿನ ಕಡೆಯದನ್ನು ಕಡೆಗೆ ಬಿಡಿಸಿ, ಕೌದಿ ತೆಗೆದು ನಾಲ್ಕು ಮಡಿಕೆ ಮಾಡಿ ಇಟ್ಟ. ಆಮೇಲೆ ಹುಲಗಪ್ಪನ ಜೊತೆ ಚೀಲದ ಒಂದು ತುದಿಗೆ ಕೈ ಹಾಕಿದ.